ನನ್ನ ಹೆಸರಿಲೆ ಬಂದ ಲಗ್ನಪತ್ರಿಕೆ

ಹೋದ ವರ್ಷ ಮಾಘ ಮಾಸದಾಗ ನಿಮ್ಮೆಲ್ಲಾರ ಫೋನಿಗೂ ನನ್ನ ಹೆಸರಿಲೆ ಒಂದು ಲಗ್ನಪತ್ರಿಕೆ ಬಂದಿತ್ತಲ್ಲ, ನೆನಪದ ಏನ್ರಿ? ಆಮ್ಯಾಲೆ ನಾ ಒಬ್ಬೊಬ್ಬರಿಗೇ ಫೋನ್ ಹಚ್ಚಿ "ಅದನ್ನ ತೆಗೀಬ್ಯಾಡ್ರಿ, ಅಳಿಸಿಬಿಡ್ರಿ" ಅಂತ ಬೇಡಿಕೊಂಡಿದ್ದೆ. ಯಾಕ, ಏನು ಅಂತ ಆವಾಗ ಪೂರ್ತಿ ಹೇಳ್ಲಿಕ್ಕೆ ಆಗಿರಲಿಲ್ಲ. ನನಗೂ ತಿಳಿದಿರಲಿಲ್ಲ, ನಾಚಿಕಿನೂ ಭಾಳ ಆಗಿತ್ತು. ಇಲ್ಲೆ ಇಷ್ಟು ದಿವಸ ಗುಳಂಬ, ಮೆಂತೆ ಹಿಟ್ಟು, ಗೌರಿ ಹಬ್ಬ ಅಂತ ಬರಕೋತ ಬಂದಾಕಿ ಇವತ್ತ ಅದನ್ನೇ ಬರಿಯೋಣ ಅಂತ ಕೂತೇನಿ. ಆ ದಿವಸ ನನ್ನ ಸಲುವಾಗಿ ನಿಮ್ಮೊಳಗ ಇಬ್ಬರದು ರೊಕ್ಕ ಹೋತು. ನಂದು ಒಂದು ರೂಪಾಯಿನೂ ಹೋಗ್ಲಿಲ್ಲ. ಅದೇ ನನಗ ಹೆಚ್ಚಿನ ಸಂಕಟ.

ಅವತ್ತ ಮುಂಜಾನೆ ಹನ್ನೊಂದರ ಸುಮಾರು. ಸಾರಿಗೆ ಒಗ್ಗರಣಿ ಹಾಕಲಿಕ್ಕೆ ಎಣ್ಣಿ ಕಾಯಲಿಕ್ಕೆ ಇಟ್ಟಿದ್ದೆ. ಫೋನ್ ಟಣ್ ಅಂತು. ನೋಡಿದ್ರ ನನ್ನ ತಂಗಿಯ ನೆಗೆಣ್ಣಿ ಹೆಸರಿಲೆ ಮೆಸೇಜು. "ತಪ್ಪದೆ ಲಗ್ನಕ್ಕ ಬರಬೇಕು" ಅಂತ ಎರಡು ಸಾಲು, ಕೆಳಗ ಪತ್ರಿಕೆ. ಅವರ ಮನ್ಯಾಗ ಲಗ್ನಕ್ಕ ಬಂದ ಹುಡುಗಿ ಇದ್ಲು, ಹಿಂಗಾಗಿ ನನಗ ಏನೂ ಸಂಶಯ ಬರಲಿಲ್ಲ. ಒತ್ತಿದೆ. ಫೋನ್ ಒಂದು ಮಾತು ಕೇಳ್ತು: ಇದು ಗೊತ್ತಿರದ ಕಡೆಯಿಂದ ಬಂದ ಆ್ಯಪ್, ಹಾಕಲಿಕ್ಕೆ ಅನುಮತಿ ಕೊಡ್ತೀರೇನು ಅಂತ. ನಾ ಓದಲಿಲ್ಲ. ಎಣ್ಣಿ ಹೊಗಿ ಆಡ್ಲಿಕ್ಕೆ ಹತ್ತಿತ್ತು. ಎಲ್ಲೆಲ್ಲಿ 'ಅಲೌ' ಅಂತ ಇತ್ತೋ ಅಲ್ಲೆಲ್ಲಾ ಒತ್ತಿಕೋತ ಹೋದೆ. ಪತ್ರಿಕೆ ಏನೂ ಕಾಣಲಿಲ್ಲ, ಬರೇ ಬಿಳಿ ಪರದೆ. ನೆಟ್ ಇರಲಿಕ್ಕಿಲ್ಲ ಅಂದುಕೊಂಡು ಫೋನ್ ಕಟ್ಟಿಮ್ಯಾಲೆ ಇಟ್ಟು ಸಾಸಿವಿ ಹಾಕಿದೆ.

ಮಧ್ಯಾಹ್ನ ಮೂರರ ಸುಮಾರಿಗೆ ವಾಟ್ಸಾಪ್ ತೆಗಿಯೋಕ ಹೋದ್ರ ನಿಮ್ಮ ನಂಬರು ಬ್ಯಾರೆ ಫೋನಿನ್ಯಾಗ ಚಾಲೂ ಆಗೇದ ಅಂತ ತೋರಿಸ್ತು. ನಾಕು ಗಂಟೆಗೆ ಬೆಳಗಾವಿಯಿಂದ ಮೌಶಿಯ ಸೊಸಿ ಫೋನ್ ಮಾಡಿದ್ಲು. "ಅತ್ಯಾ, ಯಾರ ಲಗ್ನ? ಪತ್ರಿಕೆ ತೆರೀಲಿಕ್ಕೇ ಒಲ್ಲದು." ನಾ ಯಾವ ಪತ್ರಿಕೆನೂ ಕಳಿಸಿಲ್ಲಲ್ಲ ಅಂದೆ. ಅಂದ ಮ್ಯಾಲೆ ನನ್ನ ಕೈಕಾಲು ತಣ್ಣಗಾದ್ವು.

ಮನ್ಯಾಗ ಯಾರೂ ಇರಲಿಲ್ಲ. ಗಾಬರಿಗೆ ಓಣಿ ತುದಿಗಿನ ಮೊಬೈಲ್ ಅಂಗಡಿಗೆ ಓಡಿದೆ. ಅಲ್ಲಿಯ ಹುಡುಗ ನೋಡಿ, "ಆಂಟಿ, ವೈರಸ್ ಹೊಕ್ಕದ, ಪೂರಾ ಕ್ಲೀನ್ ಮಾಡಿಕೊಡ್ತೇನಿ" ಅಂದಾ. ಕ್ಲೀನ್ ಅಂದ್ರ ಭಾಂಡಿ ತಿಕ್ಕಿದಂಗ ಅಂತ ನಾ ತಿಳಕೊಂಡಿದ್ದೆ. ಅವಾ ಫೋನನ್ನ ಹೊಸಾದು ಕೊಂಡಾಗ ಹೆಂಗಿತ್ತೋ ಹಂಗ ಮಾಡಿಕೊಟ್ಟಾ. ಕಳ್ಳ ಆ್ಯಪ್ ಹೋತು, ಖರೆ. ಅದರ ಜೋಡಿ ನನ್ನ ಅವ್ವನ ಹಾಡೂ ಹೋದ್ವು.

ಅವ್ವ ತೀರಿಕೊಳ್ಳೋದಕ್ಕಿಂತ ಮೊದಲು ಒಂದು ಶ್ರಾವಣದಾಗ ನಾ ಅಕಿ ಮುಂದ ಕೂತು ಏಳು ಹಾಡು ತುಂಬಿಕೊಂಡಿದ್ದೆ. ಆರತಿ ಹಾಡು, ಉರುಟಣಿ ಹಾಡು, ತೊಟ್ಟಿಲ ಹಾಡು. ನಡುವ ಕೆಮ್ಮು ಬರ್ತಿತ್ತು, "ತಡಿ, ನೀರು ಕುಡೀತೇನಿ" ಅಂತಿದ್ಲು. ಆ ಮಾತೂ ಅದರಾಗ ಇತ್ತು. ನನ್ನ ತಂಗಿ ಕೇಳಿದಾಗ ಮೂರು ಹಾಡು ಅಕಿಗೆ ಕಳಿಸಿದ್ದೆ. ಆ ಮೂರು ಉಳದ್ವು. ಉಳದ ನಾಕು ನನ್ನ ಫೋನಿನ್ಯಾಗ ಮಾತ್ರ ಇದ್ವು.

ರಾತ್ರಿ ನಮ್ಮ ಅಣ್ಣನ ಮಗಾ ಬಂದಾ. ಅವಾ ಹುಬ್ಬಳ್ಳಿಯೊಳಗ ಒಂದು ಆಫೀಸಿನ ಕಂಪ್ಯೂಟರ್ ಎಲ್ಲಾ ನೋಡಿಕೊಳ್ಳೋ ಕೆಲಸಾ ಮಾಡ್ತಾನ. ಸಿಸ್ಟಮ್ ಅಡ್ಮಿನ್ ಅಂತಾರಂತ. ನನಗ ಬೈತಾನ ಅಂದುಕೊಂಡಿದ್ದೆ. ಬೈಲಿಲ್ಲ. ಒಂದು ಹಾಳಿ ತೊಗೊಂಡು, ಏನೇನಾತು, ಎಷ್ಟೆಷ್ಟು ಹೊತ್ತಿಗೆ ಆತು ಅಂತ ನನ್ನ ಕಡೆ ಕೇಳಿ ಕೇಳಿ ಬರಕೊಂಡಾ. "ಅತ್ಯಾ, ನಮ್ಮ ಆಫೀಸಿನ್ಯಾಗೂ ಹಿಂಗಾದ್ರ ಮೊದಲ ಇದನ್ನ ಬರೀತೇವಿ, ಆಮ್ಯಾಲೆ ಉಳದದ್ದು" ಅಂದಾ.

ಅವಾ ಹೇಳಿದ್ದನ್ನ ನನಗ ತಿಳದಂಗ ಬರೀತೇನಿ. ಫೋಟೋ ಇದ್ರ ಆ ಫೈಲಿನ ಹೆಸರಿನ ಕೊನಿಗೆ ಜೆಪಿಜಿ ಅಂತ ಇರ್ತದ, ಕಾಗದ ಇದ್ರ ಪಿಡಿಎಫ್. ನನಗ ಬಂದದ್ದರ ಕೊನಿಗೆ ಎಪಿಕೆ ಅಂತ ಇತ್ತು. ಎಪಿಕೆ ಅಂದ್ರ ಆ್ಯಪ್. ಪತ್ರಿಕೆ ಅಂದ್ರ ನಾವು ನೋಡೋ ವಸ್ತು, ಆ್ಯಪ್ ಅಂದ್ರ ಮನಿಯೊಳಗ ಬಂದು ಕೆಲಸಾ ಮಾಡೋ ಆಳು. ನಾ ಆ ಆಳಿಗೆ ಬಾಗಲಾ ತೆಗದು, ಮೆಸೇಜ್ ಓದಪಾ, ನಂಬರೆಲ್ಲಾ ನೋಡಪಾ ಅಂತ ಒಂದೊಂದೇ ಅಲೌ ಕೊಟ್ಟಿದ್ದೆ. ಕಳ್ಳ ಎಲ್ಲೋ ಕೂತು ನನ್ನ ನಂಬರಿಲೆ ತನ್ನ ಫೋನಿನ್ಯಾಗ ವಾಟ್ಸಾಪ್ ಚಾಲೂ ಮಾಡಿದಾ. ಅದಕ್ಕ ಆರು ಅಂಕಿ ಕೋಡು ನನ್ನ ಫೋನಿಗೆ ಬಂತು. ನಾ ನೋಡೋಕಿಂತ ಮೊದಲ ಆ ಆ್ಯಪ್ ಓದಿ ಅವಂಗ ಮುಟ್ಟಿಸ್ತು. ಆವಾಗಿಂದ ವಾಟ್ಸಾಪಿನ್ಯಾಗ ಅವನೇ ನಾನು. ನಮ್ಮ ಭಜನಿ ಮಂಡಳಿ ಗುಂಪು, ತವರುಮನಿ ಗುಂಪು, ಓಣಿ ಗುಂಪು, ಎಲ್ಲಾ ಕಡೆ ನನ್ನ ಹೆಸರಿಲೆ ಅದೇ ಪತ್ರಿಕೆ ಹಂಚಿದಾ. ತಂಗಿಯ ನೆಗೆಣ್ಣಿಗೂ ಹಿಂಗೇ ಆಗಿತ್ತು, ಪಾಪ. ಅಕಿನೂ ಕಳಿಸಿರಲಿಲ್ಲ.

ವಾಟ್ಸಾಪ್ ತಿರುಗಿ ಹಾಕಿ ನನ್ನ ನಂಬರ್ ಕೊಟ್ಟು, ಹೊಸಾ ಕೋಡು ತುಂಬಿದ ಕೂಡಲೆ ಕಳ್ಳ ಹೊರಗ ಬಿದ್ದಾ. ಆದ್ರ ಅವಾ ಹೋಗೋಕಿಂತ ಮೊದಲ ಒಳಗಿಂದ ಆರು ಅಂಕಿ ಪಿನ್ ಒಂದು ಹಾಕಿಟ್ಟಿದ್ದಾ. ಅದಕ್ಕ 7 ದಿವಸ ಕಾಯಬೇಕಾತು. ಆ ಏಳು ದಿವಸ ಅವಂಗೂ ಇಲ್ಲ, ನನಗೂ ಇಲ್ಲ. ನಮ್ಮ ಹುಡುಗ ಅಂದಾ, "ಇದೇ ಪಿನ್ ನೀ ಮೊದಲ ಹಾಕಿದ್ದೆಂದ್ರ ಕೋಡು ಸಿಕ್ರೂ ಅವಂಗ ನಿನ್ನ ವಾಟ್ಸಾಪ್ ಸಿಗತಿದ್ದಿಲ್ಲ." ಎರಡು ನಿಮಿಷದ ಕೆಲಸ ಅದು. ನಾ ಮಾಡಿರಲಿಲ್ಲ.

ಇನ್ನೊಂದು ಮಾತು ಹೇಳಿದಾ, ಅದನ್ನ ಗಟ್ಟಿ ನೆನಪಿಡ್ರಿ. ಕಳ್ಳ ಆ್ಯಪ್ ಫೋನಿನ್ಯಾಗ ಇರೋ ತನಕ ನೀವು ಪಾಸ್‌ವರ್ಡ್ ಬದಲಿ ಮಾಡಿದ್ರೂ, ಹೊಸಾ ಕೋಡು ತರಿಸಿದ್ರೂ ಅದೂ ಅವಂಗ ಕಾಣ್ತದ. ನಳಾ ಬಂದ್ ಮಾಡದ ನೆಲಾ ಒರಸಿದಂಗ. ಹಂಗಾಗಿ ಮೊದಲ ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಬೇಕು, ವೈಫೈನೂ ಬಂದ್ ಆಗೇದ ಅಂತ ನೋಡಬೇಕು. ಬ್ಯಾಂಕಿಗೆ ಇನ್ನೊಬ್ಬರ ಫೋನಿನಿಂದ ತಿಳಿಸಬೇಕು. ಬೇಕಾದ ಫೋಟೋ, ಹಾಡು ಇದ್ರ ವೈರ್ ಹಚ್ಚಿ ಕಂಪ್ಯೂಟರಿಗೆ ತಕ್ಕೊಂಡು, ಆಮ್ಯಾಲೆ ಆ್ಯಪ್ ಕಿತ್ತೊಗೀಬೇಕು ಇಲ್ಲಾ ಫೋನ್ ರೀಸೆಟ್ ಮಾಡಬೇಕು. ಪಾಸ್‌ವರ್ಡ್, ಪಿನ್ ಎಲ್ಲಾ ಕಡೀಗೆ. ಅಂಗಡಿ ಹುಡುಗನ ಕೆಲಸದಾಗ ತಪ್ಪಿರಲಿಲ್ಲ, ನಡುವಿನ ಒಂದು ಮೆಟ್ಟಲಾ ಬಿಟ್ಟಿದ್ದಾ. ಕೇಳಬೇಕಂತ ನನಗೂ ತಿಳೀಲಿಲ್ಲ.

ಇನ್ನ ರೊಕ್ಕದ ಮಾತು. ಬೆಳಗಾವಿ ಸೊಸಿದು 9,000 ಹೋಗಿತ್ತು. ಅಕಿ ಶಾಣ್ಯಾ. ಬ್ಯಾಂಕಿನ ಮೆಸೇಜ್ ನೋಡಿದ ಅರ್ಧಾ ತಾಸಿನೊಳಗ ಗಂಡನ ಫೋನಿನಿಂದ 1930ಕ್ಕ ಹಚ್ಚಿದ್ಲು. ಅದು ಸರ್ಕಾರದ ಸೈಬರ್ ಅಪರಾಧದ ನಂಬರು, ಇಡೀ ದೇಶಕ್ಕ ಒಂದೇ. ಅವರು ರೊಕ್ಕ ಯಾವ ಖಾತೆಗೆ ಹೋತು ಅಂತ ಬೆನ್ನು ಹತ್ತಿ, ಇನ್ನೂ ಅಲ್ಲೇ ಇದ್ರ ಹಿಡದು ನಿಲ್ಲಸ್ತಾರ. ಅಕಿದು 6,500 ಸಿಕ್ತು. ಕೈಗೆ ಬರಲಿಕ್ಕೆ ತಿಂಗಳಗಟ್ಟಲೆ ಹಿಡೀತು, ಆದ್ರ ಬಂತು.

ನಮ್ಮ ಬಾಜೂ ಮನಿ ವೈನಿದು 42,000. ಶಾವಿಗಿ, ಹಪ್ಪಳ, ಸಂಡಿಗಿ ಮಾಡಿ ಮಾರಿ ಮೂರು ವರ್ಷದಾಗ ಕೂಡಿಹಾಕಿದ ರೊಕ್ಕ. ಮನ್ಯಾಗ ಯಾರಿಗೂ ಹೇಳಿರಲಿಲ್ಲ, ಮೊಮ್ಮಗಳಿಗೆ ಬಂಗಾರದ್ದೇನರ ಮಾಡಸಬೇಕು ಅಂತ ಇಟ್ಟಿದ್ರು. ಪತ್ರಿಕೆ ಒತ್ತಿದ ಮ್ಯಾಲೆ ಅವರ ಫೋನಿನ್ಯಾಗ ಬ್ಯಾಂಕಿನ ಹಂಗ ಒಂದು ಪುಟ ತೆರದದ. ಕೆವೈಸಿ ಇವತ್ತ ಮುಗೀತದ, ಕಾರ್ಡಿನ ನಂಬರ್ ತುಂಬ್ರಿ ಅಂತ. ಅವರು ತುಂಬ್ಯಾರ. ಆಮ್ಯಾಲೆ ಓಟಿಪಿ ಬಂದದ. ವೈನಿ ಇವತ್ತಿಗೂ ಹೇಳ್ತಾರ, "ನಾ ಓಟಿಪಿ ಯಾರಿಗೂ ಹೇಳಿಲ್ಲವಾ." ಖರೆ, ಹೇಳಿಲ್ಲ. ಟೀವಿಯೊಳಗ, ಬ್ಯಾಂಕಿನ ಗ್ವಾಡಿಮ್ಯಾಲೆ ಓಟಿಪಿ ಯಾರಿಗೂ ಹೇಳಬ್ಯಾಡ್ರಿ ಅಂತ ಬರದಿರ್ತಾರಲ್ಲ, ಅವರು ಅದನ್ನ ಅಚ್ಚುಕಟ್ಟಾಗಿ ಪಾಲಿಸ್ಯಾರ. ಆದ್ರ ಒಳಗ ಕೂತ ಆ್ಯಪ್ ತಾನೇ ಓದಿದ್ರ ಅವರೇನು ಮಾಡಬೇಕು?

ವೈನಿ ಎರಡು ದಿವಸ ಸುಮ್ಮನಿದ್ರು. ರೊಕ್ಕ ಇತ್ತು ಅಂತ ಹೇಳಬೇಕೋ, ಹೋತು ಅಂತ ಹೇಳಬೇಕೋ ತಿಳೀದ ಒಬ್ಬರೇ ಬಚ್ಚಲದಾಗ ಅತ್ತಾರ. ಮೂರನೇ ದಿವಸ ಮಗನ ಮುಂದ ಬಾಯಿ ಬಿಟ್ರು. ಅಷ್ಟರಾಗ ರೊಕ್ಕ ಮೂರು ನಾಕು ಖಾತೆ ದಾಟಿ ಎಟಿಎಮ್ಮಿನಿಂದ ಹೊರಗ ಹೋಗಿತ್ತು. ಬ್ಯಾಂಕಿನವರು "ನೀವೇ ಕಾರ್ಡಿನ ವಿವರಾ ತುಂಬೀರಿ" ಅಂದ್ರು. ರಿಸರ್ವ್ ಬ್ಯಾಂಕ್ 2017ರ ಜುಲೈದಾಗ ಒಂದು ಸುತ್ತೋಲೆ ಹೊರಡಿಸ್ಯದ. ನಮ್ಮ ಕೈತಪ್ಪಿನಿಂದ ವಿವರಾ ಹೊರಗ ಹೋಗಿದ್ರ, ಬ್ಯಾಂಕಿಗೆ ತಿಳಿಸೋ ತನಕ ಆದ ನಷ್ಟ ನಮ್ಮದು, ತಿಳಿಸಿದ ಮ್ಯಾಲೆ ಆದದ್ದು ಬ್ಯಾಂಕಿಂದು ಅಂತ ಅದರಾಗ ಅದ. ನಮ್ಮದೂ ಅಲ್ಲ, ಬ್ಯಾಂಕಿಂದೂ ಅಲ್ಲ, ನಡುವ ಎಲ್ಲೋ ತಪ್ಪಾಗಿದ್ರ 3 ಕೆಲಸದ ದಿವಸದೊಳಗ ತಿಳಿಸಿದವರಿಗೆ ನಷ್ಟ ಇಲ್ಲ. ಹೆಂಗ ನೋಡಿದ್ರೂ ಒಂದೊಂದು ತಾಸಿಗೂ ಬೆಲಿ ಅದ. ಹಂಗಂತ ನಿಮಗೆಲ್ಲಾ ಕೈ ಮುಗದು ಹೇಳ್ತೇನಿ, ನಾಚಿಕಿ ಆಮ್ಯಾಲೆ ಪಟ್ಟುಕೊಳ್ಳೋಣ. ಮೊದಲ 1930, ಆಮ್ಯಾಲೆ ಬ್ಯಾಂಕು, ಆಮ್ಯಾಲೆ ಅಳೋದು.

ವೈನಿ ನನ್ನ ಜೋಡಿ ಮಾತು ಬಿಟ್ರು. ಜಗಳಾ ಇಲ್ಲ, ಏನಿಲ್ಲ. ರಂಗೋಲಿ ಹಾಕ್ಲಿಕ್ಕೆ ಇಬ್ಬರೂ ಒಂದೇ ಹೊತ್ತಿಗೆ ಹೊರಗ ಬರ್ತಿದ್ವಿ, ಅವರು ಹೊತ್ತು ಬದಲಿ ಮಾಡಿದ್ರು. ಇಪ್ಪತ್ತೆರಡು ವರ್ಷದ ಬಳಕಿ. ನನ್ನ ಬಾಣಂತನಕ್ಕ ಅಳ್ವಿ ಪಾಯಸಾ ಮಾಡಿ ತಂದು ಕೊಟ್ಟ ಕೈ ಅದು. ಮೊದಮೊದಲು ನನಗೂ ಸಿಟ್ಟು ಬಂತು. ನಾ ಏನು ಮಾಡೇನಿ? ನಾನೂ ಮೋಸ ಹೋದಾಕೀನೇ ಅಲ್ಲೇನು? ಹಿಂಗ ತಿಂಗಳಾ ಕಳದ ಮ್ಯಾಲೆ ಒಂದು ರಾತ್ರಿ ನನಗ ನಮ್ಮ ಹಳೇ ಚಾಳಿನ ಹಿತ್ತಲಾ ನೆನಪಾತು.

ನಾವು ಸಣ್ಣವರಿದ್ದಾಗ ಮಾಳಮಡ್ಡಿಯೊಳಗ ಐದು ಮನಿ ಚಾಳಿನ್ಯಾಗ ಇದ್ವಿ. ಮುಂಬಾಗಲಾ ಐದು, ಆದ್ರ ಹಿತ್ತಲಾ ಒಂದೇ, ಹಿತ್ತಲ ಬಾಗಲಾ ಒಂದೇ. ರಾತ್ರಿ ಕಡೀಗೆ ಹೋಗಿ ಬಂದವರು ಅಗಳಿ ಹಾಕಬೇಕು ಅಂತ ಕಟ್ಟಳೆ. ಒಂದಿನ ನಾ ಮರತೆ. ಕಳ್ಳ ಬಂದು ಮೂರನೇ ಮನಿಯವರ ತಾಮ್ರದ ಹಂಡೆ ಒಯ್ದಾ. ನಮ್ಮ ಮನಿದು ಒಂದು ತಂಬಗಿನೂ ಹೋಗಲಿಲ್ಲ. ಅವ್ವ ನನ್ನ ಬೈಲಿಲ್ಲ. ನನ್ನ ಕೈ ಹಿಡಕೊಂಡು ಅವರ ಮನಿಗೆ ಹೋಗಿ, "ನಮ್ಮ ಹುಡುಗಿ ಅಗಳಿ ಮರತಾಳ" ಅಂತ ಹೇಳಿದ್ಲು. ಅಷ್ಟೇ ಹೇಳಿದ್ಲು, ಸಣ್ಣಾಕಿ, ತಿಳೀಲಿಲ್ಲ ಅಂತ ಏನೂ ಸೇರಿಸಲಿಲ್ಲ. ಅವತ್ತಿಂದ ಆ ಚಾಳು ಬಿಡೋ ತನಕ ದಿನಾ ರಾತ್ರಿ ಬ್ಯಾಟ್ರಿ ಹಿಡಕೊಂಡು ಹೋಗಿ ಅಗಳಿ ನೋಡಿ ಬಂದೇ ಮಲಗ್ತಿದ್ಲು.

ಫೋನೂ ಹಂಗೇ ಅದ ನೋಡ್ರಿ. ಮುಂಬಾಗಲಾ ನಮ್ಮ ನಮ್ಮದು, ಹಿತ್ತಲಾ ಎಲ್ಲಾರದೂ ಒಂದೇ. "ನನ್ನ ಫೋನಿನ್ಯಾಗ ಏನದರಿ ಕದಿಲಿಕ್ಕೆ? ನಾಕು ಫೋಟೋ, ಎರಡು ಹಾಡು" ಅಂತ ನಾವೆಲ್ಲಾ ಅಂತೇವಿ. ನನ್ನ ಬ್ಯಾಂಕಿನ ಖಾತೆ ನಮ್ಮನಿಯವರ ನಂಬರಿಗೆ ಜೋಡಿಸಿತ್ತು, ಹಿಂಗಾಗಿ ನನ್ನ ಕಡೆ ಕಳ್ಳಗ ಏನೂ ಸಿಗಲಿಲ್ಲ. ಆದ್ರ ನನ್ನ ಕಡೆ ನೀವಿದ್ರಿ, ನಿಮಗೆ ನನ್ನ ಮ್ಯಾಲಿದ್ದ ನಂಬಿಕಿ ಇತ್ತು. ಅವಾ ಕದ್ದದ್ದು ಅದನ್ನ.

ಅಣ್ಣನ ಮಗಾ ಇದಕ್ಕ ಒಂದು ದೊಡ್ಡ ಕತಿ ಹೇಳಿದಾ. 2017ರ ಮೇ 12ಕ್ಕ ವಾನ್ನಾಕ್ರೈ ಅಂತ ಒಂದು ವೈರಸ್ ಬಂತಂತ. ಅದಕ್ಕ ಯಾರೂ ಏನೂ ಒತ್ತಬೇಕಾಗಿರಲಿಲ್ಲ. ಒಂದು ಕಂಪ್ಯೂಟರ್ ಹೊಕ್ಕರ ಅದರ ಬಾಜೂಕಿನ ಕಂಪ್ಯೂಟರಿಗೆ ತಾನೇ ದಾಟತಿತ್ತು. 150ಕ್ಕೂ ಹೆಚ್ಚು ದೇಶದಾಗ ಹಬ್ಬಿತು. ಇಂಗ್ಲೆಂಡಿನ ಸರ್ಕಾರಿ ದವಾಖಾನಿಗಳೊಳಗ ಕಂಪ್ಯೂಟರ್ ನಿಂತು, ನೇಮಿಸಿದ್ದ ಆಪರೇಶನ್ ಎಷ್ಟೋ ಮುಂದ ಹಾಕಿದ್ರು. ಆದ್ರ ಆ ತೂತಿಗೆ ತೇಪಿಯನ್ನ ಮೈಕ್ರೋಸಾಫ್ಟಿನವರು ಎರಡು ತಿಂಗಳ ಮೊದಲ, ಮಾರ್ಚ್ 14ಕ್ಕೇ ಕೊಟ್ಟಿದ್ರು. ಅದನ್ನ ಹಚ್ಚಿಕೊಂಡವರು ಉಳದ್ರು, ನಾಳೆ ನೋಡಿದ್ರಾತು ಅಂದವರು ಸಿಕ್ರು. ಫೋನಿನ್ಯಾಗ 'ಅಪ್ಡೇಟ್ ಮಾಡ್ರಿ' ಅಂತ ಬರ್ತದಲ್ಲ, ಅದೇ ಈ ತೇಪಿ. ನಾ ಅದನ್ನ ಒಂದು ವರ್ಷದಿಂದ ಸರಿಸಿಕೋತ ಬಂದಿದ್ದೆ.

ಮರುದಿನ ನಾ ವೈನಿ ಮನಿಗೆ ಹೋದೆ. ಅವ್ವ ಹೇಳಿದಂಗ ಅಷ್ಟೇ ಹೇಳಿದೆ. "ವೈನಿ, ನಾ ಅಗಳಿ ಹಾಕಿರಲಿಲ್ಲ. ನಿಮ್ಮ ರೊಕ್ಕ ತಿಂಗಳಾ ಸ್ವಲ್ಪ ಸ್ವಲ್ಪ ನಾ ಕೊಡ್ತೇನಿ." ಅವರು ಹಪ್ಪಳದ ಹಿಟ್ಟು ನಾದೋದು ನಿಲ್ಲಿಸಿ ಭಾಳ ಹೊತ್ತು ಸುಮ್ಮನ ಕೂತ್ರು. ಆಮ್ಯಾಲೆ, "ರೊಕ್ಕ ನೀ ತೊಗೊಂಡಿಲ್ಲ, ಅದು ನನಗ ಗೊತ್ತದ. ಆದ್ರ ಬ್ಯಾರೆ ಯಾರ ಹೆಸರಿದ್ರೂ ನಾ ಒತ್ತತಿದ್ದಿಲ್ಲ. ನಿನ್ನ ಹೆಸರಿತ್ತಂತ ಒತ್ತಿದೆ" ಅಂದ್ರು. ರೊಕ್ಕ ಮಾತ್ರ ತೊಗೊಳ್ಳಲಿಕ್ಕೆ ಒಪ್ಪಲಿಲ್ಲ. ನಾನೂ ಅವತ್ತ ಜುಲುಮಿ ಮಾಡ್ಲಿಲ್ಲ. ಹಪ್ಪಳಾ ಲಟ್ಟಿಸ್ಲಿಕ್ಕೆ ಕೂತೆ. ಈಗ ವಾರಕ್ಕ ಎರಡು ಮಧ್ಯಾಹ್ನ ಹೋಗಿ ಲಟ್ಟಿಸ್ತೇನಿ. ಆ ಗಳಿಕಿ ಅವರ ಡಬ್ಬಿಗೇ ಹೋಗ್ತದ.

ಹಪ್ಪಳದ ಜೋಡಿ ಇನ್ನೊಂದು ಕೆಲಸಾನೂ ಅಲ್ಲೇ ಚಾಲೂ ಆತು. ಅಣ್ಣನ ಮಗಾ ಒಂದು ರವಿವಾರ ಬಂದು ನಮ್ಮ ಓಣಿಯ ಆರು ಮಂದಿ ಫೋನ್ ನೋಡಿಕೊಟ್ಟಾ. ಅವಾ ಮಾಡಿದ್ದನ್ನ ನೀವೂ ಮಾಡಿಕೊಳ್ರಿ, ಫೋನಿನ ಕಂಪನಿ ಪ್ರಕಾರ ಹೆಸರು ಸ್ವಲ್ಪ ಹೆಚ್ಚು ಕಡಿಮಿ ಇರಬಹುದು. ವಾಟ್ಸಾಪಿನ ಸೆಟ್ಟಿಂಗ್ಸ್ ಒಳಗ ಅಕೌಂಟ್, ಅದರಾಗ ಟೂ ಸ್ಟೆಪ್ ವೆರಿಫಿಕೇಶನ್. ಅಲ್ಲೆ ಆರು ಅಂಕಿ ಪಿನ್ ಹಾಕ್ರಿ, ಹುಟ್ಟಿದ ತಾರೀಖು ಹಾಕಬ್ಯಾಡ್ರಿ. ಮರತ್ರ ತಿರುಗಿ ಸಿಗಲಿ ಅಂತ ಇಮೇಲ್ ಒಂದು ಕೊಟ್ಟಿಡ್ರಿ. ಅಲ್ಲೇ ಲಿಂಕ್ಡ್ ಡಿವೈಸಸ್ ಅಂತ ಅದ, ಅದರಾಗ ನಿಮ್ಮದಲ್ಲದ ಕಂಪ್ಯೂಟರ್ ಕಂಡ್ರ ಲಾಗೌಟ್ ಮಾಡ್ರಿ. ಫೋನಿನ ಸೆಟ್ಟಿಂಗ್ಸ್ ಒಳಗ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಅಂತ ಹುಡುಕ್ರಿ, ಅದರಾಗ ವಾಟ್ಸಾಪಿನ ಮುಂದಿಂದು ಬಂದ್ ಇರಲಿ. ಆ್ಯಪ್ ಬೇಕಾದ್ರ ಪ್ಲೇ ಸ್ಟೋರಿನಿಂದ ಅಷ್ಟೇ.

ಅನುಮತಿ ಮಾತಿಗೆ ಅವಾ ಹೇಳಿದ್ದು ನನಗ ಭಾಳ ಸೇರ್ತು. ಹಾಲಿನವಂಗ ಗೇಟಿನ ತನಕ, ನಳಾ ರಿಪೇರಿಯವಂಗ ಬಚ್ಚಲದ ತನಕ, ತಿಜೋರಿ ಕೀಲಿಕೈ ಯಾರಿಗೂ ಇಲ್ಲ. ಆಫೀಸಿನ್ಯಾಗೂ ಅವರು ಹಂಗೇ ಮಾಡ್ತಾರಂತ, ಯಾರ್‍ಯಾರ ಕೆಲಸಕ್ಕ ಎಷ್ಟು ಬೇಕೋ ಅಷ್ಟೇ ಬಾಗಲಾ ತೆಗೀತಾರ. ಪಂಚಾಂಗದ ಆ್ಯಪಿಗೆ ನಿಮ್ಮ ಮೆಸೇಜ್ ಯಾಕ ಬೇಕು? ಟಾರ್ಚಿಗೆ ನಿಮ್ಮ ಅಕ್ಕತಂಗೇರ ನಂಬರ್ ಯಾಕ ಬೇಕು? ನನ್ನ ಫೋನಿನ್ಯಾಗ ಹಿಂಗ ಹನ್ನೊಂದು ಆ್ಯಪಿನ ಅನುಮತಿ ತಗದಾ, ಒಂದೂ ಕೆಲಸಾ ನಿಲ್ಲಲಿಲ್ಲ.

ಮತ್ತ ಕಾಪಿ ಇಡೋದು. ಉಪ್ಪಿನಕಾಯಿ ಇಡೀ ವರ್ಷದ್ದು ಒಂದೇ ಭರಣಿಗೆ ಹಾಕ್ತೇವೇನ್ರಿ? ಒಂದಕ್ಕ ಬೂಜು ಬಂದ್ರ ಇನ್ನೊಂದು ಇರಲಿ ಅಂತ ಎರಡು ಭರಣಿ ಮಾಡ್ತೇವಿ, ಒಂದಿಷ್ಟು ಮಗಳ ಮನಿಗೂ ಕಳಸ್ತೇವಿ. ಕಂಪ್ಯೂಟರಿನವರ ಲೆಕ್ಕಾನೂ ಇದೇ: ಮೂರು ಪ್ರತಿ, ಎರಡು ಬ್ಯಾರೆ ಬ್ಯಾರೆ ವಸ್ತುವಿನಾಗ, ಅದರಾಗ ಒಂದು ಮನಿ ಹೊರಗ. ಗೂಗಲ್ ಪುಕ್ಕಟ ಕೊಡೋದು 15 ಜಿಬಿ ಜಾಗ. ನಂದು 'ಗುಡ್ ಮಾರ್ನಿಂಗ್' ಹೂವಿನ ಫೋಟೋ ಮತ್ತ ವಿಡಿಯೋದಾಗೇ ತುಂಬಿ, ವಾಟ್ಸಾಪಿನ ಬ್ಯಾಕಪ್ ಎಂದೋ ನಿಂತಿತ್ತು. ನಾ ನೋಡಿರಲಿಲ್ಲ. ಆ ಹೂವೆಲ್ಲಾ ಮೊದಲ ಅಳಿಸಿದ್ರ ಅವ್ವನ ನಾಕು ಹಾಡಿಗೆ ಜಾಗ ಸಿಗತಿತ್ತು. ಉಳದ ಮೂರು ಈಗ ನನ್ನ ಫೋನಿನ್ಯಾಗ ಅವ, ಒಂದು ಪೆನ್‌ಡ್ರೈವಿನ್ಯಾಗ ಅವ, ತಂಗಿ ಕಡೆ ಅವ. ಹೋದ ನಾಕರಾಗ ಎರಡರ ಮಾತು ನನಗ ಬಾಯಿಪಾಠ, ಬರದಿಟ್ಟೇನಿ. ಧಾಟಿ ಮಾತ್ರ ಅವ್ವಂದು ಬರೂದಿಲ್ಲ. ನಿಮ್ಮೊಳಗ ಯಾರ ಕಡೆಯರ ನಮ್ಮವ್ವ ಹಾಡಿದ್ದು ಇದ್ರ ನನಗ ತಿಳಿಸ್ರಿ.

ಕಡೀಗೆ ಒಂದು ಕಟ್ಟಳೆ. ಯಾರ ಹೆಸರಿಲೆ ಫೈಲ್ ಬರಲಿ, ಆ ಮನಷ್ಯಾಗ ಫೋನ್ ಹಚ್ಚಿ ದನಿ ಕೇಳಿ ಆಮ್ಯಾಲೆ ತೆಗೀರಿ. ವಾಟ್ಸಾಪಿನ್ಯಾಗೇ ತಿರುಗಿ ಕೇಳಿದ್ರ ಕಳ್ಳನೇ "ಹೌದು, ನಾನೇ" ಅಂತಾನ.

ಮೊನ್ನೆ ಯುಗಾದಿಗೆ ನಾ ನಮ್ಮ ಬೇವು-ಬೆಲ್ಲದ ತಾಟಿನ ಫೋಟೋ ಓಣಿ ಗುಂಪಿಗೆ ಹಾಕಿದೆ. ಒಂದು ನಿಮಿಷ ಆಗಿರಲಿಲ್ಲ, ವೈನಿ ಫೋನು. ಇಬ್ಬರ ನಡುವ ಒಂದು ಗ್ವಾಡಿ ಅಷ್ಟೇ, ಕೂಗಿದ್ರ ಕೇಳ್ತದ.

"ನಿನ್ನ ಹೆಸರಿಲೆ ಏನೋ ಬಂದದ. ನೀನೇ ಕಳಿಸೀಯೇನು?"

"ಹೌದ್ರಿ ವೈನಿ, ನಾನೇ ಕಳಿಸೇನಿ."

"ಹಂಗಾರ ತೆಗೀತೇನಿ" ಅಂದ್ರು.